ವನುವಾಟುವಿನ ವಿದ್ಯಾರ್ಥಿಗಳು, ಕುಂದಾಪುರದ ಮಕ್ಕಳು: ಲೋಕದ ಸಭೆಯಲ್ಲಿ ಎಳೆಯರ ಮಾತು ನಡೆಯುವುದು ಹೇಗೆ?

ಧಾರವಾಡದ ಕಾನೂನು ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನಲ್ಲಿ ಈ ತಿಂಗಳು ‘ಜಾಗತಿಕ ಪೌರತ್ವ ಮತ್ತು ಯುವಜನ’ ಅಂತ ಭಾಷಣ ಸ್ಪರ್ಧೆ ಇದೆ. ಇಂಥ ಸ್ಪರ್ಧೆಗಳಲ್ಲಿ ‘ಇಂದಿನ ಯುವಕರೇ ನಾಳಿನ ಪ್ರಜೆಗಳು’ ಅನ್ನುವ ಮಾತು ಮತ್ತೆ ಮತ್ತೆ ಬರುತ್ತದೆ. ಎಳೆಯರು ಲೋಕದ ಮಟ್ಟದಲ್ಲಿ ನಿಜವಾಗಿ ಏನು ಮಾಡಿದ್ದಾರೆ, ಹೇಗೆ ಮಾಡಿದರು ಅನ್ನುವುದು ಮಾತ್ರ ಬರುವುದೇ ಇಲ್ಲ. ಆ ‘ಹೇಗೆ’ ಬಗ್ಗೆ ಮಾತಾಡೋಣ ಅಂತ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ.

ಪೆಸಿಫಿಕ್ ಸಾಗರದಲ್ಲಿ ವನುವಾಟು ಅಂತ ಒಂದು ದೇಶ. ಸುಮಾರು 80 ದ್ವೀಪ, ಮೂರು ಲಕ್ಷದಷ್ಟು ಜನ. ರಾಜಧಾನಿ ಪೋರ್ಟ್ ವಿಲಾದಲ್ಲಿ ಯೂನಿವರ್ಸಿಟಿ ಆಫ್ ದ ಸೌತ್ ಪೆಸಿಫಿಕ್‌ನ ಕಾನೂನು ಶಾಲೆ ಇದೆ. 2019ರಲ್ಲಿ ಅಲ್ಲಿನ 27 ವಿದ್ಯಾರ್ಥಿಗಳು ಪರಿಸರ ಕಾನೂನಿನ ತರಗತಿಯಲ್ಲಿ ಒಂದು ಪ್ರಶ್ನೆ ಹಿಡಿದುಕೊಂಡರು. ಸಮುದ್ರ ಮೇಲೇರುತ್ತಿದೆ, ಚಂಡಮಾರುತ ಜೋರಾಗುತ್ತಿದೆ. ಇದಕ್ಕೆ ಕಾರಣವಾದ ಹೊಗೆಯಲ್ಲಿ ಆ ದ್ವೀಪಗಳ ಪಾಲು ಏನೂ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾದರೆ ಕಾನೂನಿನಲ್ಲಿ ನಮಗೆ ಯಾವ ದಾರಿ ಇದೆ?

ಇದ್ದ ದಾರಿಗಳಲ್ಲಿ ಅವರು ಅತಿ ಕಷ್ಟದ್ದನ್ನು ಆರಿಸಿಕೊಂಡರು. ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದಿಂದ ಸಲಹಾ ಅಭಿಪ್ರಾಯ, ಅಂದರೆ ಕಾನೂನಿನ ಪ್ರಶ್ನೆಯೊಂದಕ್ಕೆ ಕೋರ್ಟಿನ ಉತ್ತರ, ಪಡೆಯುವುದು. ಆ ಕೋರ್ಟಿಗೆ ನೀವು, ನಾನು ಹೋಗಿ ಅರ್ಜಿ ಹಾಕಲು ಆಗುವುದಿಲ್ಲ. ವಿಶ್ವಸಂಸ್ಥೆಯ ಸನ್ನದಿನ 96ನೇ ವಿಧಿಯ ಪ್ರಕಾರ ಸಾಮಾನ್ಯ ಸಭೆಯಂಥ ಅಂಗಗಳೇ ಪ್ರಶ್ನೆ ಕಳಿಸಬೇಕು. ಸಾಮಾನ್ಯ ಸಭೆಯಲ್ಲಿ 193 ದೇಶಗಳಿವೆ. ಪಲಾವು ದೇಶ 2011ರ ಹೊತ್ತಿಗೆ ಇದೇ ಯತ್ನ ಶುರು ಮಾಡಿ ಅರ್ಧಕ್ಕೆ ನಿಂತಿತ್ತು.

ವಿದ್ಯಾರ್ಥಿಗಳು ಒಂದು ಸಂಘಟನೆ ಕಟ್ಟಿದರು. ಪೆಸಿಫಿಕ್ ದೇಶಗಳ ಸರ್ಕಾರಗಳಿಗೆ ಪತ್ರ ಬರೆದರು. ವನುವಾಟು ಸರ್ಕಾರ ಕಿವಿಗೊಟ್ಟಿತು. ಮುಂದೆ ಆ ಸರ್ಕಾರವೇ ಒಂದೊಂದು ದೇಶವನ್ನು ಒಪ್ಪಿಸುತ್ತ ಹೋಯಿತು. ವಿದ್ಯಾರ್ಥಿಗಳು ಬೇರೆ ಖಂಡಗಳ ಯುವಜನರನ್ನು ಸೇರಿಸಿಕೊಂಡು ಅವರವರ ಸರ್ಕಾರಗಳ ಬಾಗಿಲು ತಟ್ಟಿಸಿದರು. 2023ರ ಮಾರ್ಚ್ ಮೊದಲ ವಾರ ಜೂಡಿ, ಕೆವಿನ್ ಎಂಬ ಎರಡು ಚಂಡಮಾರುತಗಳು ಬೆನ್ನು ಬೆನ್ನಿಗೆ ವನುವಾಟುಗೆ ಬಡಿದವು. ಅದೇ ತಿಂಗಳು 29ರಂದು ಸಾಮಾನ್ಯ ಸಭೆ ಕೋರ್ಟಿಗೆ ಪ್ರಶ್ನೆ ಕಳಿಸುವ ನಿರ್ಣಯವನ್ನು ಒಮ್ಮತದಿಂದ ಒಪ್ಪಿತು. 132 ದೇಶಗಳು ಅದಕ್ಕೆ ಸಹ ಪ್ರಾಯೋಜಕರಾಗಿದ್ದವು.

2024ರ ಡಿಸೆಂಬರ್‌ನಲ್ಲಿ ವಿಚಾರಣೆ. 96 ದೇಶಗಳು, 11 ಅಂತರರಾಷ್ಟ್ರೀಯ ಸಂಸ್ಥೆಗಳು ವಾದ ಮಂಡಿಸಿದವು. ಆ 27 ಜನರಲ್ಲಿ ಒಬ್ಬರಾದ ಸಾಲೊಮನ್ ದ್ವೀಪಗಳ ಸಿಂಥಿಯಾ ಹೌನಿಉಹಿ ನ್ಯಾಯಮೂರ್ತಿಗಳ ಎದುರು ನಿಂತು ಮಾತಾಡಿದರು. 2025ರ ಜುಲೈ 23ರಂದು ಸರ್ವಾನುಮತದ ಅಭಿಪ್ರಾಯ ಬಂತು. ಹವಾಮಾನ ಕಾಪಾಡುವುದು ದೇಶಗಳ ಕಾನೂನುಬದ್ಧ ಹೊಣೆ. ಕಲ್ಲಿದ್ದಲು, ತೈಲಕ್ಕೆ ಕೊಡುವ ಪರವಾನಗಿ ಮತ್ತು ಸಬ್ಸಿಡಿ ಕೂಡ ತಪ್ಪಾಗಬಹುದು. ಹಾನಿಗೂ ತಪ್ಪಿಗೂ ನಂಟು ಸಾಬೀತಾದರೆ ಪರಿಹಾರ ಕೊಡಬೇಕಾಗಬಹುದು.

ತರಗತಿಯ ಪ್ರಶ್ನೆ ಆರು ವರ್ಷದಲ್ಲಿ ಅಲ್ಲಿಗೆ ಮುಟ್ಟಿತು. ನಮ್ಮಲ್ಲಿ ಇಂಥದ್ದು ಆಗಿದೆಯಾ? ಆಗಲು ಏನು ಬೇಕು?

ಸಾಗರದ ಅಡಿಕೆ ತೋಟ

ತಂಗಿ, ಚೆನ್ನಾಗಿ ಬರೆದಿದ್ದೀ. ಆದರೆ ಎರಡು ಮಾತು ಕೇಳಲೇಬೇಕು.

ಒಂದು, ಸಲಹಾ ಅಭಿಪ್ರಾಯ ಯಾರನ್ನೂ ಕಟ್ಟಿಹಾಕುವುದಿಲ್ಲ. ಮಳೆ ಹಿಡಿದುಕೊಂಡರೆ ನಮ್ಮ ತೋಟಕ್ಕೆ ಕೊಳೆ ರೋಗ ಬರುತ್ತದೆ. ಹೇಗ್‌ನಲ್ಲಿ ಏನು ಬರೆದರೂ ಔಷಧಿ ಹೊಡೆಸುವ ಖರ್ಚು ನಮ್ಮದೇ.

ಎರಡು, ನಮ್ಮ ದೇಶದ ವಾದ. ಭಾರತದಲ್ಲಿ ತಲೆಗೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್. ಅಮೆರಿಕದಲ್ಲಿ ಸುಮಾರು 14 ಟನ್. ಅದೇ ಕೋರ್ಟಿನಲ್ಲಿ ಭಾರತ ಹೇಳಿದ್ದು ಏನು? ಹಿಂದಿನಿಂದ ಹೊಗೆ ಬಿಟ್ಟು ಶ್ರೀಮಂತರಾದ ದೇಶಗಳ ಹೊಣೆ ಜಾಸ್ತಿ, ಈಗಿರುವ ಒಪ್ಪಂದಗಳನ್ನು ಮೀರಿ ಹೊಸ ಹೊರೆ ಹೊರಿಸಬೇಡಿ ಅಂತ. ಅದು ನನಗೆ ಸರಿ ಅನ್ನಿಸುತ್ತದೆ. ಲೋಕದ ಪ್ರಜೆ ಆಗುವುದಕ್ಕೆ ನಮ್ಮ ದೇಶದ ನ್ಯಾಯವಾದ ಮಾತನ್ನು ಬಿಟ್ಟುಕೊಡಬೇಕಾ?

ಧಾರವಾಡದ ಕಾನೂನು ವಿದ್ಯಾರ್ಥಿನಿ

ಬಿಡಬಾರದು ಅಣ್ಣ. ವನುವಾಟುವಿನಲ್ಲಿ ನನಗೆ ಇಷ್ಟವಾದ ಅಂಶವೇ ಅದು. ಅಲ್ಲಿನ ವಿದ್ಯಾರ್ಥಿಗಳು ತಮ್ಮ ದೇಶವನ್ನು ಬದಿಗಿಟ್ಟು ಲೋಕಕ್ಕೆ ಹಾರಲಿಲ್ಲ. ತಮ್ಮ ಸರ್ಕಾರದ ಬಾಯಿಂದಲೇ ತಮ್ಮ ಪ್ರಶ್ನೆ ಕೇಳಿಸಿದರು. ಶ್ರೀಮಂತ ದೇಶಕ್ಕೂ ಬಡ ದೇಶಕ್ಕೂ ಹೊಣೆ ಒಂದೇ ಅಳತೆಯದಲ್ಲ ಅನ್ನುವುದನ್ನು ಕೋರ್ಟ್ ಕೂಡ ತಳ್ಳಿಹಾಕಿಲ್ಲ.

ಕಟ್ಟಿಹಾಕುವುದಿಲ್ಲ ಅನ್ನುವುದು ನಿಜ. ಆದರೆ ಇಂಥ ಅಭಿಪ್ರಾಯಗಳನ್ನು ಬೇರೆ ಕೋರ್ಟುಗಳು ಎತ್ತಿ ಓದುತ್ತವೆ. ನಮ್ಮ ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲೇ ಹವಾಮಾನ ಬದಲಾವಣೆಯ ಕೆಡುಕಿನಿಂದ ಪಾರಾಗುವ ಹಕ್ಕು ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲಿ ಅಡಗಿದೆ ಅಂತ ಹೇಳಿದೆ. ಆ ಮೊಕದ್ದಮೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಯದು. ನಮ್ಮ ಬಳ್ಳಾರಿಯ ಸಿರುಗುಪ್ಪದ ಬಯಲಲ್ಲೂ ಕಾಣಿಸಿಕೊಂಡಿರುವ ಹಕ್ಕಿ ಅದು. ನಾಳೆ ಅಂಥ ಇನ್ನೊಂದು ಮೊಕದ್ದಮೆ ಬಂದರೆ ವಕೀಲರ ಕೈಯಲ್ಲಿ ಹೇಗ್‌ನ ಕಾಗದವೂ ಇರುತ್ತದೆ.

ಇನ್ನೊಂದು ಸಂಗತಿ ಹೇಳಲೇಬೇಕು. 1952ರಲ್ಲಿ ಆ ನ್ಯಾಯಾಲಯದ ಪೀಠದಲ್ಲಿ ಕೂತವರು ಮಂಗಳೂರಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್. ನಮ್ಮ ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದವರು. ಹೇಗ್ ನಮಗೆ ಅಷ್ಟೇನೂ ದೂರದ ಊರಲ್ಲ.

ನೆದರ್‌ಲ್ಯಾಂಡ್ಸ್ ಕನ್ನಡತಿ

ನಾನು ಇಲ್ಲೇ ಇರುವುದರಿಂದ ಒಂದೆರಡು ಸಾಲು. ಕೋರ್ಟ್ ಇರುವುದು ಶಾಂತಿ ಅರಮನೆಯಲ್ಲಿ. ಅಭಿಪ್ರಾಯ ಓದಿದ ದಿನ ಅದರ ಹೊರಗೆ ಯುವಜನ ಗುಂಪು ಸೇರಿದ್ದರು. ಈ ದೇಶದಲ್ಲಿ 2013ರಲ್ಲಿ 886 ನಾಗರಿಕರು ಅರ್ಜೆಂಡಾ ಎಂಬ ಸಂಸ್ಥೆಯ ಜೊತೆ ಸೇರಿ ತಮ್ಮದೇ ಸರ್ಕಾರದ ಮೇಲೆ ಮೊಕದ್ದಮೆ ಹೂಡಿದರು. 2020ರ ಕೊನೆಗೆ ಹಸಿರುಮನೆ ಅನಿಲಗಳನ್ನು 1990ರ ಮಟ್ಟಕ್ಕಿಂತ ಶೇ 25ರಷ್ಟು ಇಳಿಸಲೇಬೇಕು ಅಂತ 2019ರ ಡಿಸೆಂಬರ್ 20ರಂದು ಇಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಇದೂ ಮನೆಯಿಂದಲೇ ಶುರುವಾದ ಕೆಲಸ.

ವನುವಾಟು ಕಥೆಯಲ್ಲಿ ಆ ವಿಶ್ವವಿದ್ಯಾಲಯದ ಬಗ್ಗೆಯೂ ಹೇಳಬೇಕು. ಫಿಜಿ, ಟುವಾಲು, ಕಿರಿಬಾಟಿ, ಸಮೋವಾ ಎಲ್ಲ ಸೇರಿ 12 ದೇಶ, ಪ್ರದೇಶಗಳು ಒಟ್ಟಾಗಿ ನಡೆಸುವ ವಿಶ್ವವಿದ್ಯಾಲಯ ಅದು. 1968ರಿಂದ ಇದೆ. ಬೇರೆ ಬೇರೆ ದೇಶದ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಒಂದೇ ತರಗತಿಯಿಂದ ಹಲವು ಸರ್ಕಾರಗಳಿಗೆ ಪತ್ರ ಹೋಗಲು ಸಾಧ್ಯವಾದದ್ದು ಅದಕ್ಕೇ. ಆ ಮಕ್ಕಳ ಛಲ ದೊಡ್ಡದು, ಅದರ ಜೊತೆ ಹಿರಿಯರು ಕಟ್ಟಿಟ್ಟ ವ್ಯವಸ್ಥೆಯೂ ಇತ್ತು.

ಬೈಂದೂರು ಮೇಷ್ಟ್ರು

‘ನಮ್ಮಲ್ಲಿ ಇಂಥದ್ದು ಆಗಿದೆಯಾ’ ಅಂತ ಕೇಳಿದ್ದೀರಲ್ಲ ತಂಗಿ. ಆಗಿದೆ. ಕುಂದಾಪುರದಲ್ಲಿ, 1996ರಲ್ಲಿ. ನಮ್ಮ ಜಿಲ್ಲೆಯವರೇ ಮರೆತಿದ್ದಾರೆ, ಅದು ನನಗೆ ತುಂಬಾ ನೋವಿನ ವಿಷಯ.

ಹಿನ್ನೆಲೆ ಹೇಳುತ್ತೇನೆ. ನಮ್ಮ ಕಡೆಯಿಂದ ಎಳೆಯ ಮಾಣಿಗಳು ಬೆಂಗಳೂರು, ಮುಂಬೈ ಹೋಟೆಲುಗಳಿಗೆ ಹೋಗುತ್ತಿದ್ದದ್ದು ಎಲ್ಲರಿಗೂ ಗೊತ್ತು. ಲೋಟ ತೊಳೆಯುವುದು, ಟೇಬಲ್ ಒರೆಸುವುದು, ರಾತ್ರಿ ಹೋಟೆಲಲ್ಲೇ ಮಲಗುವುದು. ಬೆಂಗಳೂರಿನಲ್ಲಿ ಕಾರ್ಮಿಕ ಸಂಘಟನೆ ಮಾಡುತ್ತಿದ್ದ ನಂದನಾ ರೆಡ್ಡಿ ಮತ್ತವರ ಗೆಳೆಯರು ಇಂಥ ಹುಡುಗರ ಜೊತೆ ಕೆಲಸ ಶುರು ಮಾಡಿ ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆ ಕಟ್ಟಿದರು. ಹುಡುಗರು ಎಲ್ಲಿಂದ ಬರುತ್ತಾರೋ ಅಲ್ಲೇ ಕೆಲಸ ಮಾಡಬೇಕು ಅಂತ ಕುಂದಾಪುರಕ್ಕೂ ಬಂದರು. 1990ರಲ್ಲಿ ದುಡಿಯುವ ಮಕ್ಕಳದೇ ಸಂಘ ಹುಟ್ಟಿತು, ಭೀಮ ಸಂಘ. ಆಮೇಲೆ ಕೆಲವು ಪಂಚಾಯಿತಿಗಳಲ್ಲಿ ಮಕ್ಕಳ ಪಂಚಾಯಿತಿ. ಮಕ್ಕಳೇ ನಿಲ್ಲುವುದು, ಮಕ್ಕಳೇ ಗುಟ್ಟಾಗಿ ಮತ ಹಾಕುವುದು. ‘ಮಕ್ಕಳ ಮಿತ್ರ’ ಅಂತ ಒಬ್ಬ ದೊಡ್ಡವರನ್ನು ಮಕ್ಕಳೇ ಆರಿಸುವುದು.

ಅಲ್ಲಿ ಏನು ಮಾತಾಡುತ್ತಿದ್ದರು? ಮಳೆಗಾಲದಲ್ಲಿ ಹೊಳೆ ದಾಟಲು ಕಾಲುಸಂಕ ಇಲ್ಲ. ಸೌದೆಗೆ ದೂರ ಹೋಗಬೇಕು. ಹೈಸ್ಕೂಲು ದೂರ, ಹಾಗಾಗಿ ಹುಡುಗಿಯರು ಏಳನೇ ತರಗತಿಗೇ ಶಾಲೆ ಬಿಡುತ್ತಾರೆ. ಅಪ್ಪ ಕುಡಿಯುತ್ತಾನೆ. ಇಂಥವೇ.

1996ರ ನವೆಂಬರ್ ಕೊನೆಗೆ, ಡಿಸೆಂಬರ್ ಮೊದಲಿಗೆ, ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ 30ಕ್ಕೂ ಹೆಚ್ಚು ದೇಶಗಳ ದುಡಿಯುವ ಮಕ್ಕಳ ಪ್ರತಿನಿಧಿಗಳು ಕುಂದಾಪುರಕ್ಕೆ ಬಂದರು. ಆಗ ಉಡುಪಿ ಜಿಲ್ಲೆಯೇ ಆಗಿರಲಿಲ್ಲ, ನಮ್ಮ ಬೈಂದೂರೂ ಕುಂದಾಪುರ ತಾಲ್ಲೂಕಿಗೇ ಸೇರಿತ್ತು. ದುಡಿಯುವ ಮಕ್ಕಳ ಮೊದಲ ಅಂತರರಾಷ್ಟ್ರೀಯ ಸಭೆ ಅದು. ದೆಹಲಿಯಲ್ಲಲ್ಲ, ಜಿನೀವಾದಲ್ಲಲ್ಲ, ನಮ್ಮಲ್ಲಿ. ಪೆರುವಿನಲ್ಲಿ ಅಂಥ ಮಕ್ಕಳ ಚಳವಳಿ 1976ರಿಂದಲೇ ಇತ್ತು. ಪಶ್ಚಿಮ ಆಫ್ರಿಕಾದಲ್ಲಿ 1994ರಲ್ಲಿ ಶುರುವಾಗಿತ್ತು. ಇವರೆಲ್ಲ ಒಟ್ಟಿಗೆ ಕೂತು ಹತ್ತು ಅಂಶಗಳ ಕುಂದಾಪುರ ಘೋಷಣೆ ಬರೆದರು.

ಅದರಲ್ಲಿ ಏನಿತ್ತು ಗೊತ್ತಾ? ನಮಗೆ ಸಂಬಂಧಪಟ್ಟ ತೀರ್ಮಾನಗಳಲ್ಲಿ ಊರಿನ ಮಟ್ಟದಿಂದ ಅಂತರರಾಷ್ಟ್ರೀಯ ಮಟ್ಟದವರೆಗೆ ನಮ್ಮನ್ನು ಕೇಳಿ. ನಮ್ಮ ಸ್ಥಿತಿಗೆ ಮೂಲ ಕಾರಣ ಬಡತನ, ಅದನ್ನು ಸರಿಪಡಿಸಿ. ಮಕ್ಕಳು ಮಾಡಿದ ವಸ್ತುಗಳಿಗೆ ಬಹಿಷ್ಕಾರ ಹಾಕಬೇಡಿ. ಒಂಬತ್ತನೆಯದು ನನಗೆ ಎಲ್ಲಕ್ಕಿಂತ ಮುಖ್ಯ: ಹಳ್ಳಿಗಳಲ್ಲಿ ಹೆಚ್ಚು ಕೆಲಸ ಆಗಲಿ, ತೀರ್ಮಾನ ಮಾಡುವ ಅಧಿಕಾರ ಕೆಳಗೆ ಬರಲಿ, ಆಗ ಮಕ್ಕಳು ಊರು ಬಿಟ್ಟು ಹೋಗಬೇಕಾಗುವುದಿಲ್ಲ.

ಲೋಕದ ಮಕ್ಕಳೆಲ್ಲ ಸೇರಿ ಬರೆದ ಕಾಗದದಲ್ಲಿ ಪಂಚಾಯಿತಿಯ ಮಾತು ಬಂದಿದೆ ನೋಡಿ. 1997ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಬಾಲಕಾರ್ಮಿಕತೆಯ ಬಗ್ಗೆ ದೊಡ್ಡ ಸಮ್ಮೇಳನ ನಡೆದಾಗ ದುಡಿಯುವ ಮಕ್ಕಳ ಪ್ರತಿನಿಧಿಗಳೂ ಭಾಗವಹಿಸಿದರು. ಕಾಲುಸಂಕದ ಬಗ್ಗೆ ಮಾತಾಡಿ ಮಾತಾಡಿ ಅಭ್ಯಾಸವಿದ್ದವರಿಗೆ ಮಂತ್ರಿಗಳ ಎದುರು ಮಾತಾಡುವುದು ದೊಡ್ಡ ಕಷ್ಟವಲ್ಲ.

ಮೈಸೂರು ಸುಮ

ಮೇಷ್ಟ್ರೇ, ನಿಮ್ಮ ಅಭಿಮಾನ ಅರ್ಥವಾಗುತ್ತದೆ. ಆದರೆ ನಾನು ಮಕ್ಕಳ ರಕ್ಷಣೆಯ ಕೆಲಸದಲ್ಲಿ ಇರುವವಳು, ಮಕ್ಕಳ ಸಹಾಯವಾಣಿ 1098ಕ್ಕೆ ಬರುವ ಕರೆಗಳ ಹಿಂದೆ ಓಡುವವಳು. ಆ ಘೋಷಣೆಯ ಹತ್ತನೇ ಅಂಶ ನೀವು ಹೇಳಲಿಲ್ಲ. ಶೋಷಣೆ ಬೇಡ, ಆದರೆ ಓದು ಮತ್ತು ಆಟಕ್ಕೆ ಸಮಯ ಸಿಗುವ ಹಾಗೆ ಗೌರವದ ಕೆಲಸ ಇರಲಿ ಅಂತ ಅದರಲ್ಲಿದೆ. ನನಗೆ ಅದನ್ನು ಒಪ್ಪಲು ಆಗುವುದೇ ಇಲ್ಲ.

ಆರರಿಂದ ಹದಿನಾಲ್ಕರ ಮಗುವಿಗೆ ಶಿಕ್ಷಣ ಹಕ್ಕು ಅಂತ 2010ರಿಂದ ಕಾನೂನು ಜಾರಿಯಲ್ಲಿದೆ. ‘ಗೌರವದ ಕೆಲಸ’ ಅಂತ ಒಂದು ಕಿಂಡಿ ಬಿಟ್ಟರೆ ಮಾಲೀಕರು ಅದನ್ನೇ ಹೆಬ್ಬಾಗಿಲು ಮಾಡಿಕೊಳ್ಳುತ್ತಾರೆ. ಬಾಲಕಾರ್ಮಿಕ ಕಾನೂನಿನ 2016ರ ತಿದ್ದುಪಡಿಯಲ್ಲಿ ಮನೆಯವರ ಉದ್ಯೋಗಕ್ಕೆ ವಿನಾಯಿತಿ ಕೊಟ್ಟಾಗಲೂ ನಮಗೆ ಇದೇ ಭಯ. ಬೊಲಿವಿಯಾದಲ್ಲಿ ದುಡಿಯುವ ಮಕ್ಕಳೇ ಬೀದಿಗಿಳಿದು ಕೇಳಿದರು. 2014ರಲ್ಲಿ ಹತ್ತು ವರ್ಷದವರೂ ಕೆಲವು ಷರತ್ತಿನಲ್ಲಿ ದುಡಿಯಬಹುದು ಅಂತ ಕಾನೂನಾಯಿತು. 2018ರಲ್ಲಿ ವಾಪಸ್ 14ಕ್ಕೆ ಏರಿಸಿದರು. ಮಕ್ಕಳು ಕೇಳಿದ್ದೆಲ್ಲ ಮಕ್ಕಳಿಗೆ ಒಳ್ಳೆಯದೇ ಆಗಿರುತ್ತದಾ?

ಬೈಂದೂರು ಮೇಷ್ಟ್ರು

ಮೇಡಂ, ಗಟ್ಟಿ ಪ್ರಶ್ನೆ. ನಾನು ಶಾಲಾ ಮೇಷ್ಟ್ರು, ಮಕ್ಕಳು ಶಾಲೆಯಲ್ಲಿರಬೇಕು ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಆ ಮಕ್ಕಳು ಬಹಿಷ್ಕಾರ ಬೇಡ ಅಂದದ್ದು ಯಾಕೆ ಅಂತ ನೋಡಬೇಕು.

ಮಕ್ಕಳು ದುಡಿದ ವಸ್ತುಗಳ ಆಮದು ನಿಲ್ಲಿಸಬೇಕು ಅಂತ 1992ರಲ್ಲಿ ಅಮೆರಿಕದ ಸೆನೆಟರ್ ಟಾಮ್ ಹಾರ್ಕಿನ್ ಮಸೂದೆ ತಂದರು. ಉದ್ದೇಶ ಒಳ್ಳೆಯದೇ. ಅದು ಕಾನೂನಾಗುವ ಮೊದಲೇ ಬಾಂಗ್ಲಾದೇಶದ ಗಾರ್ಮೆಂಟ್ ಮಾಲೀಕರು ಹೆದರಿ ಮಕ್ಕಳನ್ನು ಹೊರಗೆ ಹಾಕಿದರು. ಅಂದಾಜು 50,000 ಮಕ್ಕಳು. ಅವರೆಲ್ಲ ಶಾಲೆಗೆ ಹೋದರಾ? ಇಲ್ಲ. ಎಷ್ಟೋ ಜನ ಕಲ್ಲು ಒಡೆಯುವುದಕ್ಕೆ, ಬೀದಿಗೆ, ಇನ್ನೂ ಕೆಟ್ಟ ಕೆಲಸಗಳಿಗೆ ಹೋದರು ಅಂತ ಯುನಿಸೆಫ್ ಬರೆದಿದೆ. 1995ರಲ್ಲಿ ಮಾಲೀಕರು, ಯುನಿಸೆಫ್, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ ಒಪ್ಪಂದ ಮಾಡಿಕೊಂಡರು. ಮೊದಲು ಶಾಲೆಯಲ್ಲಿ ಜಾಗ, ಕೈಗೆ ಸ್ವಲ್ಪ ಹಣ, ಆಮೇಲೆ ಕೆಲಸ ಬಿಡಿಸುವುದು. ಆ ಮಕ್ಕಳನ್ನು ಮೊದಲೇ ಕೇಳಿದ್ದರೆ ಇದನ್ನೇ ಹೇಳುತ್ತಿದ್ದರು.

ಮಕ್ಕಳು ಹೇಳಿದ್ದೇ ಕೊನೆಯ ಮಾತಾಗಬೇಕು ಅಂತ ನಾನು ಹೇಳುವುದಿಲ್ಲ. ಅವರನ್ನು ಕೇಳದೆ ಕೊನೆಯ ಮಾತು ಬರೆಯಬಾರದು.

ಮೈಸೂರು ಸುಮ

ಕೇಳಬೇಕು ಅನ್ನುವುದನ್ನು ಒಪ್ಪುತ್ತೇನೆ. ಹತ್ತನೇ ಅಂಶವನ್ನು ಈಗಲೂ ಒಪ್ಪುವುದಿಲ್ಲ.

ಕಾಲುಸಂಕ

ಮೇಷ್ಟ್ರೇ, ನಾನು ನಿಮ್ಮ ಪಕ್ಕದೂರಿನವಳು. ಈಗ ಐರ್ಲೆಂಡಿನಲ್ಲಿ ನರ್ಸ್. ಹೈಸ್ಕೂಲಿನಲ್ಲಿದ್ದಾಗ ಮಕ್ಕಳ ಗ್ರಾಮಸಭೆಯಲ್ಲಿ ಎದ್ದು ನಿಂತು ಮಾತಾಡಿದ್ದೇನೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: 2006ರ ಸರ್ಕಾರಿ ಸುತ್ತೋಲೆಯ ಪ್ರಕಾರ ಕರ್ನಾಟಕದ ಪ್ರತಿ ಗ್ರಾಮ ಪಂಚಾಯಿತಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು. ಕುಂದಾಪುರದ ಮಕ್ಕಳ ಪಂಚಾಯಿತಿಗಳ ಅನುಭವವೇ ಇದಕ್ಕೆ ದಾರಿ ಮಾಡಿಕೊಟ್ಟಿದ್ದು.

ನಾನು ಕೇಳಿದ್ದು ಹುಡುಗಿಯರ ಶೌಚಾಲಯಕ್ಕೆ ನೀರಿಲ್ಲ ಅಂತ. ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಲೆ ಕೂತವರು ಬರೆದುಕೊಂಡರು. ಏನೂ ಆಗಲಿಲ್ಲ. ಮುಂದಿನ ವರ್ಷ ಇನ್ನೊಬ್ಬ ಹುಡುಗಿ ಅದನ್ನೇ ಕೇಳಿದಳು, ಮತ್ತೆ ಚಪ್ಪಾಳೆ. ಆಗ ನಮ್ಮ ಟೀಚರ್ ಒಬ್ಬರು ಹಿಂದಿನ ಸಭೆಯ ನಡಾವಳಿ ಓದಿ ಅಂತ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹತ್ತಿರ ಎಲ್ಲರೆದುರು ಕೇಳಿದರು. ನಡಾವಳಿಯಲ್ಲಿ ನನ್ನ ಪ್ರಶ್ನೆಯೇ ಇರಲಿಲ್ಲ. ಅವತ್ತು ಬರೆಸಿದರು. ಮಳೆಗಾಲಕ್ಕೆ ಮುಂಚೆ ಟ್ಯಾಂಕ್ ಬಂತು.

ಇಲ್ಲಿ ಆಸ್ಪತ್ರೆಯಲ್ಲಿ ವಿದೇಶಿ ನರ್ಸ್‌ಗಳ ಪಾಳಿಯ ವಿಷಯ ಬಂದಾಗ ಮೊದಲು ಹಿಂದಿನ ಮೀಟಿಂಗ್‌ನ ಬರಹ ಕೊಡಿ ಅಂತ ಕೇಳಿದವಳು ನಾನೇ. ಫಿಲಿಪೀನ್ಸ್, ಜಿಂಬಾಬ್ವೆ, ಕೇರಳದ ಗೆಳತಿಯರು ಜೊತೆಗಿದ್ದರು. ಈ ಬುದ್ಧಿ ನನಗೆ ಬಂದದ್ದು ಆ ಗ್ರಾಮಸಭೆಯಲ್ಲೇ.

ಬೆಂಗಳೂರಿನ ಒಬ್ಬ ಅಪ್ಪ

ಎಲ್ಲ ಓದಿದೆ. ನನ್ನ ಮಗಳೂ ಕಾಲೇಜಿನಲ್ಲಿ ಪರಿಸರ ಅಂತ ಓಡಾಡುತ್ತಾಳೆ. ಹೆಮ್ಮೆ ಇದೆ, ಆದರೆ ಹೆದರಿಕೆ ಜಾಸ್ತಿ. 2021ರ ಫೆಬ್ರುವರಿ 13ರಂದು ಇದೇ ಬೆಂಗಳೂರಿನ 22 ವರ್ಷದ ದಿಶಾ ರವಿ ಅವರನ್ನು ದೆಹಲಿ ಪೊಲೀಸರು ಬಂಧಿಸಿ ಕರೆದೊಯ್ದರು. ರೈತ ಹೋರಾಟದ ಬಗ್ಗೆ ಆನ್‌ಲೈನ್‌ನಲ್ಲಿ ಹಂಚಿಕೊಂಡ ಒಂದು ಟೂಲ್‌ಕಿಟ್‌ಗಾಗಿ, ಅಂದರೆ ಹೋರಾಟಕ್ಕೆ ಬೆಂಬಲ ಕೊಡುವುದು ಹೇಗೆ ಅಂತ ಹೇಳುವ ಬರಹಕ್ಕಾಗಿ. ಲೋಕದ ಜೊತೆ ಮಾತಾಡಲು ಹೋದರೆ ದೇಶದ್ರೋಹ ಅಂದರೆ ನಮ್ಮ ಮಕ್ಕಳು ಏನು ಮಾಡಬೇಕು?

ಧಾರವಾಡದ ಕಾನೂನು ವಿದ್ಯಾರ್ಥಿನಿ

ಸರ್, ನಿಮ್ಮ ಹೆದರಿಕೆ ಸಹಜ. ನಮ್ಮ ಮನೆಯಲ್ಲೂ ಇದೇ ಮಾತು. ಆದರೆ ಹತ್ತು ದಿನದ ನಂತರ, ಫೆಬ್ರುವರಿ 23ರಂದು, ದೆಹಲಿಯ ನ್ಯಾಯಾಧೀಶ ಧರ್ಮೇಂದರ್ ರಾಣಾ ದಿಶಾ ಅವರಿಗೆ ಜಾಮೀನು ಕೊಟ್ಟರು. ಆ ಆದೇಶವನ್ನು ನಿಮ್ಮ ಮಗಳಿಗೆ ಓದಿಸಿ. ಮಾತಿನ ಸ್ವಾತಂತ್ರ್ಯದಲ್ಲಿ ಲೋಕದ ಕೇಳುಗರನ್ನು ಅರಸುವ ಹಕ್ಕೂ ಸೇರಿದೆ, ಸಂವಹನಕ್ಕೆ ದೇಶದ ಗಡಿ ಇಲ್ಲ ಅನ್ನುವ ಅರ್ಥದ ಮಾತು ಅದರಲ್ಲಿದೆ. ಜಾಗತಿಕ ಪೌರತ್ವದ ಬಗ್ಗೆ ನಮ್ಮ ನೆಲದಲ್ಲಿ ಬರೆದ ಅತಿ ಗಟ್ಟಿ ಸಾಲು ಅದು ಅಂತ ನನಗೆ ಅನ್ನಿಸುತ್ತದೆ. ಅದು ಜಾಮೀನು ಆದೇಶ, ಮೊಕದ್ದಮೆಯ ಕೊನೆಯ ತೀರ್ಪಲ್ಲ. ಆದರೂ ಆ ಮಾತು ದಾಖಲೆಯಲ್ಲಿ ಉಳಿಯಿತು.

ಹೆದರಿಕೆ ಕಡಿಮೆ ಆಗುವುದು ಒಬ್ಬೊಬ್ಬರೇ ನಿಲ್ಲದಿದ್ದಾಗ. ವನುವಾಟುವಿನಲ್ಲಿ 27 ಜನ ಇದ್ದರು. ಕುಂದಾಪುರದಲ್ಲಿ ಒಂದು ಸಂಘ ಇತ್ತು, ಹಿಂದೆ ದೊಡ್ಡವರಿದ್ದರು. ಮಗಳನ್ನು ತಡೆಯುವ ಮೊದಲು ಅವಳ ಜೊತೆ ಒಂದು ಸಭೆಗೆ ಹೋಗಿ ಬನ್ನಿ ಸರ್.

ಇನ್ನು ಭಾಷಣ ಸ್ಪರ್ಧೆ. ನಾನು ಕುಂದಾಪುರದ ಬಗ್ಗೆಯೇ ಮಾತಾಡುತ್ತೇನೆ. ಅದಕ್ಕಿಂತ ಹೆಚ್ಚಾಗಿ, ಈ ಸಲ ಮಕ್ಕಳ ಗ್ರಾಮಸಭೆಗಳು ಶುರುವಾದಾಗ ನಾವು ಕೆಲವು ಕಾನೂನು ವಿದ್ಯಾರ್ಥಿಗಳು ಹತ್ತಿರದ ಪಂಚಾಯಿತಿಗಳಿಗೆ ಹೋಗಬೇಕು ಅಂತ ಮಾತಾಡಿಕೊಂಡಿದ್ದೇವೆ. ಹಿಂದಿನ ವರ್ಷದ ನಡಾವಳಿ ತೆಗೆಸುವುದು, ಯಾವುದು ಆಗಿದೆ, ಯಾವುದು ಆಗಿಲ್ಲ ಅಂತ ಮಕ್ಕಳ ಕೈಗೆ ಪಟ್ಟಿ ಕೊಡುವುದು. ಅಷ್ಟೇ ಕೆಲಸ.

ಬೈಂದೂರು ಮೇಷ್ಟ್ರು

ಒಳ್ಳೆಯದಾಯಿತು. ಒಂದು ಎಚ್ಚರಿಕೆ. ನೀವು ಮಾತಾಡಬೇಡಿ. ಕಾನೂನು ಓದಿದವರು ಎದ್ದು ನಿಂತರೆ ಮಕ್ಕಳು ಸುಮ್ಮನಾಗುತ್ತಾರೆ. ಸಭೆಯ ಹಿಂದಿನ ದಿನ ಶಾಲೆಗೆ ಹೋಗಿ ಪಟ್ಟಿ ಓದಿಸಿ, ಸಭೆಯ ದಿನ ಹಿಂದಿನ ಸಾಲಿನಲ್ಲಿ ಕೂರಿ. ಎರಡು ತಿಂಗಳ ನಂತರ ಅನುಪಾಲನಾ ವರದಿ, ಅಂದರೆ ಕೇಳಿದ್ದರಲ್ಲಿ ಏನೇನಾಯಿತು ಅನ್ನುವ ಲೆಕ್ಕ, ಕೇಳುವುದಕ್ಕೆ ಮಕ್ಕಳ ಜೊತೆ ಮತ್ತೆ ಹೋಗಿ. ಸಾಮಾನ್ಯವಾಗಿ ಯಾರೂ ಎರಡನೇ ಸಲ ಹೋಗುವುದಿಲ್ಲ, ಎಲ್ಲ ಅಲ್ಲೇ ನಿಂತುಹೋಗುತ್ತದೆ.

ಸಾಗರದ ಅಡಿಕೆ ತೋಟ

ನಮ್ಮ ಪಂಚಾಯಿತಿಯಲ್ಲೂ ಮಾಡಬಹುದು ಅಂದರೆ ಹೇಳು ತಂಗಿ. ನಮ್ಮಲ್ಲಿ ಮಳೆ ಅಳೆಯುವ ಮಕ್ಕಳಿದ್ದಾರೆ, ಶಾಲೆಯಲ್ಲಿ ಪ್ರತಿದಿನ ಬರೆದಿಡುತ್ತಾರೆ. ಆ ಪುಸ್ತಕವನ್ನು ಇದುವರೆಗೆ ಯಾರೂ ಸಭೆಯ ಮುಂದೆ ಇಟ್ಟಿಲ್ಲ.

ಮೈಸೂರು ಸುಮ

ನಾನೂ ಸೇರುತ್ತೇನೆ. ಆದರೆ ಒಂದು ಕೆಲಸ ಮೊದಲು ಮಾಡಿ. ಈ ಸಭೆಗಳು ಸಾಮಾನ್ಯವಾಗಿ ನಡೆಯುವುದು ನವೆಂಬರ್‌ನಿಂದ ಜನವರಿ ನಡುವೆ. ಕಬ್ಬು ಕಟಾವಿನ ಹೊತ್ತು ಅದು. ಅಪ್ಪ ಅಮ್ಮನ ಜೊತೆ ಗುಳೆ ಹೋದ ಮಕ್ಕಳು ಆಗ ಊರಲ್ಲಿ ಇರುವುದಿಲ್ಲ. ಬೇರೆ ಊರಿಂದ ಬಂದು ನಿಮ್ಮೂರಿನ ಗದ್ದೆ ಪಕ್ಕ ಗುಡಿಸಲು ಹಾಕಿಕೊಂಡ ಮಕ್ಕಳನ್ನು ಸಭೆಗೆ ಯಾರೂ ಕರೆಯುವುದಿಲ್ಲ. ಶಾಲೆ ಬಿಟ್ಟ ಮಕ್ಕಳ ಪಟ್ಟಿ ಪಂಚಾಯಿತಿಯಲ್ಲಿ ಕೇಳಿ. ಗುಡಿಸಲುಗಳಿಗೆ ಹೋಗಿ ಎಷ್ಟು ಮಕ್ಕಳಿದ್ದಾರೆ ಅಂತ ಬರೆದುಕೊಳ್ಳಿ. ಅವರನ್ನು ಸಭೆಗೆ ಕರೆತರಲು ಗಾಡಿ ಬೇಕಾದರೆ ನನಗೆ ತಿಳಿಸಿ, ಹಾವೇರಿ ಕಡೆ ನನಗೆ ಪರಿಚಯದವರು ಇದ್ದಾರೆ.